ಶಾವೂತ್

ಶಾವೂತ್ ಯೆಹೂದ್ಯರ ಪ್ರಮುಖ ಹಬ್ಬಗಳಲ್ಲಿ ಒಂದು. ಹೀಬ್ರೂ ಪಂಚಾಂಗದ ಸಿವಾನ್ ಮಾಸದ 6ನೆಯ ದಿನ ಇದನ್ನು ಆಚರಿಸಲಾಗುತ್ತದೆ. ಇಸ್ರೇಲಿನ ಹೊರಗೆ ನೆಲೆಸಿರುವ ಸಂಪ್ರದಾಯಸ್ಥ ಯೆಹೂದ್ಯರು 6 ಮತ್ತು 7ನೆಯ ದಿನಗಳೆರಡನ್ನೂ ಹಬ್ಬವೆಂದು ಪರಿಗಣಿಸುತ್ತಾರೆ. ಪಸ್ಕ ಮತ್ತು ಪರ್ಣಶಾಲೆಗಳ ಹಬ್ಬಗಳೊಡನೆ ಇದು ಪ್ರಾಚೀನ ಕಾಲದ ಮೂರು ಯಾತ್ರಾ ಹಬ್ಬಗಳಲ್ಲಿ ಸೇರಿದೆ. ಮೊದಲಿಗೆ ಗೋದಿಯ ಸುಗ್ಗಿಗೂ ಪ್ರಥಮಫಲಗಳ ಅರ್ಪಣೆಗೂ ಸಂಬಂಧಿಸಿದ್ದ ಈ ಹಬ್ಬವು ಮುಂದೆ ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರವು ದೊರೆತ ದಿನದ ಸ್ಮರಣೆಯಾಗಿ ಬೆಳೆಯಿತು. ಪಸ್ಕದ ಹುಳಿಯಿಲ್ಲದ ರೊಟ್ಟಿಯಂತೆ, ಪರ್ಣಶಾಲೆಗಳ ಹಬ್ಬದ ಚಪ್ಪರದಂತೆ ಇದಕ್ಕೆ ವಿಶಿಷ್ಟವಾದ ವಸ್ತುವಾಗಲಿ ವಿಧಿಯಾಗಲಿ ಇಲ್ಲ. ಸಮುದಾಯವು ಒಂದೆಡೆ ಸೇರಿ ಓದುವುದು, ಕೇಳುವುದು ಮತ್ತು ಅಧ್ಯಯನ ಮಾಡುವುದೇ ಇದರ ಮುಖ್ಯ ಆಚರಣೆ. ಆದುದರಿಂದ ಯೆಹೂದ್ಯರು ವಿರಳವಾಗಿರುವ ಬೆಂಗಳೂರಿನಂತಹ ನಗರಗಳಲ್ಲಿ ಈ ಹಬ್ಬದ ಆಚರಣೆಯು ಜನರನ್ನು ಒಟ್ಟುಗೂಡಿಸುವ ಪ್ರಶ್ನೆಯೊಂದಿಗೆ ನೇರವಾಗಿ ಸೇರಿಕೊಂಡಿದೆ.

ಹೆಸರುಗಳು

ಹೀಬ್ರೂ ಭಾಷೆಯಲ್ಲಿ 'ಶಾವೂತ್' ಎಂದರೆ 'ವಾರಗಳು'. ಪಸ್ಕದಿಂದ ಏಳು ವಾರಗಳನ್ನು ಎಣಿಸಿದ ಬಳಿಕ ಬರುವುದರಿಂದ ಈ ಹೆಸರು ಬಂದಿದೆ. ಕನ್ನಡ ಬೈಬಲ್ಲಿನಲ್ಲಿ ಇದನ್ನು 'ವಾರಗಳ ಹಬ್ಬ' ಎಂದು ಕರೆಯಲಾಗಿದೆ. ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ ಇದಕ್ಕೆ 'ಸುಗ್ಗಿಯ ಹಬ್ಬ' ಎಂಬ ಹೆಸರಿದೆ. ಅರಣ್ಯಕಾಂಡದ 28ನೆಯ ಅಧ್ಯಾಯವು ಇದನ್ನು 'ಪ್ರಥಮಫಲಗಳ ದಿನ' ಎನ್ನುತ್ತದೆ. ಪ್ರಾರ್ಥನಾ ಪುಸ್ತಕಗಳಲ್ಲಿ 'ನಮ್ಮ ಧರ್ಮಶಾಸ್ತ್ರವು ನೀಡಲ್ಪಟ್ಟ ಕಾಲ' ಎಂಬ ಅರ್ಥದ ಪದಗಳು ಬರುತ್ತವೆ. ತಾಲ್ಮುದ್‌ನಲ್ಲಿ ಇದರ ಹೆಸರು 'ಅತ್ಸೆರೆತ್', ಅಂದರೆ ಸಮಾಪನದ ಕೂಟ. ಪಸ್ಕದಲ್ಲಿ ಆರಂಭವಾದುದು ಈ ದಿನ ಮುಗಿಯುತ್ತದೆ ಎಂಬುದು ಅದರ ಭಾವ. ಗ್ರೀಕ್ ಭಾಷೆಯನ್ನಾಡುತ್ತಿದ್ದ ಯೆಹೂದ್ಯರು ಇದನ್ನು 'ಪೆಂತೆಕೋಸ್ತ್', ಅಂದರೆ 'ಐವತ್ತನೆಯದು' ಎಂದು ಕರೆದರು. ಕ್ರೈಸ್ತರ ಪಂಚಾಶತ್ತಮ ಹಬ್ಬದ ಹೆಸರು ಇದರಿಂದಲೇ ಬಂದಿದೆ.

ಕಾಲನಿರ್ಣಯ

ಯಾಜಕಕಾಂಡದ 23ನೆಯ ಅಧ್ಯಾಯವು ಈ ಹಬ್ಬಕ್ಕೆ ತಿಂಗಳು ಮತ್ತು ತಿಥಿಯನ್ನು ಹೇಳುವುದಿಲ್ಲ. ಎಣಿಕೆಯನ್ನು ಮಾತ್ರ ಹೇಳುತ್ತದೆ. ಪಸ್ಕದ ಎರಡನೆಯ ರಾತ್ರಿಯಿಂದ ಆರಂಭಿಸಿ 49 ದಿನಗಳನ್ನು ಎಣಿಸಲಾಗುತ್ತದೆ. ದೇವಾಲಯದ ಕಾಲದಲ್ಲಿ ಆ ದಿನ ಅರ್ಪಿಸುತ್ತಿದ್ದ ಜವೆಗೋದಿಯ ಅಳತೆಗೆ 'ಓಮೆರ್' ಎಂಬ ಹೆಸರಿದ್ದುದರಿಂದ ಇದನ್ನು 'ಓಮೆರ್ ಎಣಿಕೆ' ಎನ್ನುತ್ತಾರೆ. ಪ್ರತಿ ರಾತ್ರಿ ಆಶೀರ್ವಚನ ಹೇಳಿ ಆ ದಿನದ ಸಂಖ್ಯೆಯನ್ನು ಉಚ್ಚರಿಸಲಾಗುತ್ತದೆ. 50ನೆಯ ದಿನವೇ ಶಾವೂತ್.

ಎಣಿಕೆ ಯಾವ ದಿನದಿಂದ ಆರಂಭವಾಗಬೇಕು ಎಂಬ ವಿಷಯದಲ್ಲಿ ಹಳೆಯ ಭಿನ್ನಾಭಿಪ್ರಾಯವಿದೆ. ಮೂಲಪಾಠದಲ್ಲಿರುವ 'ಸಬ್ಬತ್ತಿನ ಮರುದಿನ' ಎಂಬ ಮಾತಿಗೆ ರಬ್ಬಿಗಳು 'ಪಸ್ಕದ ಮೊದಲ ದಿನದ ಮರುದಿನ' ಎಂದು ಅರ್ಥ ಮಾಡಿದರು. ಕರಾಯರು ಮತ್ತು ಸಮಾರ್ಯರು ಅದನ್ನು ಶನಿವಾರದ ಮರುದಿನ ಎಂದೇ ತಿಳಿದುದರಿಂದ ಅವರಲ್ಲಿ ಈ ಹಬ್ಬವು ಯಾವಾಗಲೂ ಭಾನುವಾರ ಬರುತ್ತದೆ. ಇಥಿಯೋಪಿಯಾದ ಯೆಹೂದ್ಯರ ಸಂಪ್ರದಾಯದಲ್ಲಿ ಪಸ್ಕದ ಏಳು ದಿನಗಳು ಮುಗಿದ ಮೇಲೆ ಎಣಿಕೆ ಆರಂಭವಾಗುವುದರಿಂದ ಹಬ್ಬವು ಸಿವಾನ್ 12ಕ್ಕೆ ಬೀಳುತ್ತದೆ.

ಹೀಬ್ರೂ ಪಂಚಾಂಗವು ಭಾರತದ ಅನೇಕ ಪಂಚಾಂಗಗಳಂತೆ ಚಾಂದ್ರ-ಸೌರ ಪದ್ಧತಿಯದು. 19 ವರ್ಷಗಳ ಚಕ್ರದಲ್ಲಿ 7 ಬಾರಿ ಅಧಿಕ ಮಾಸ ಸೇರುತ್ತದೆ. ಹೀಗಾಗಿ ಶಾವೂತ್ ಸಾಮಾನ್ಯವಾಗಿ ಜ್ಯೇಷ್ಠ ಶುಕ್ಲ ಷಷ್ಠಿಯ ಆಸುಪಾಸಿನಲ್ಲಿಯೂ, ಕೆಲವು ವರ್ಷಗಳಲ್ಲಿ ವೈಶಾಖದಲ್ಲಿಯೂ ಬರುತ್ತದೆ. ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ ಇದು ಮೇ ಮಧ್ಯಭಾಗದಿಂದ ಜೂನ್ ಮಧ್ಯಭಾಗದವರೆಗಿನ ಅವಧಿ. 2025ರಲ್ಲಿ ಹಬ್ಬದ ಮೊದಲ ಹಗಲು ಜೂನ್ 2ರಂದು ಬಂದಿತ್ತು. 2026ರಲ್ಲಿ ಅದು ಮೇ 22, 2027ರಲ್ಲಿ ಜೂನ್ 11. ಯೆಹೂದ್ಯರಲ್ಲಿ ದಿನವು ಸೂರ್ಯಾಸ್ತದಿಂದ ಆರಂಭವಾಗುವ ಕಾರಣ ಹಬ್ಬವು ಹಿಂದಿನ ಸಂಜೆಯೇ ತೊಡಗುತ್ತದೆ. ಕರ್ನಾಟಕದಲ್ಲಿ ಇದು ಮುಂಗಾರು ಕಾಲಿಡುವ ಹೊತ್ತು. ಇಲ್ಲಿಯ ರೈತರು ಬಿತ್ತನೆಗೆ ಸಿದ್ಧರಾಗುವಾಗ ಇಸ್ರೇಲಿನಲ್ಲಿ ಗೋದಿಯ ಕೊಯ್ಲು ನಡೆದಿರುತ್ತದೆ. ಹಬ್ಬವು ಸುಗ್ಗಿಯಿಂದ ಬೇರ್ಪಟ್ಟು ದೂರದೇಶಗಳಲ್ಲಿಯೂ ಉಳಿದುದನ್ನು ತಿಳಿಯಲು ಈ ಅಂತರ ಸಹಾಯಕವಾಗುತ್ತದೆ.

ದೇವಾಲಯದ ಕಾಲದ ಆಚರಣೆ

ಯೆರೂಸಲೇಮಿನ ದೇವಾಲಯವಿದ್ದ ಕಾಲದಲ್ಲಿ ಈ ದಿನ ಹೊಸ ಗೋದಿಯ ಹಿಟ್ಟಿನಿಂದ ಮಾಡಿದ, ಹುಳಿಬರಿಸಿದ ಎರಡು ರೊಟ್ಟಿಗಳನ್ನು ಅರ್ಪಿಸಲಾಗುತ್ತಿತ್ತು. ರೈತರು ಪ್ರಥಮಫಲಗಳನ್ನು ತರುವ ಕಾಲವೂ ಈ ದಿನದಿಂದ ಆರಂಭವಾಗುತ್ತಿತ್ತು. ಗೋದಿ, ಜವೆಗೋದಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್ ಮತ್ತು ಖರ್ಜೂರ ಎಂಬ ಏಳು ಬೆಳೆಗಳಿಗೆ ಮಾತ್ರ ಈ ವಿಧಿ ಅನ್ವಯಿಸುತ್ತಿತ್ತು.

ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಗ್ರಂಥದ 'ಬಿಕ್ಕುರಿಮ್' ಭಾಗವು ಈ ಯಾತ್ರೆಯನ್ನು ವಿವರವಾಗಿ ವರ್ಣಿಸುತ್ತದೆ. ರೈತನು ಹೊಲಕ್ಕೆ ಹೋಗಿ ಮೊದಲು ಹಣ್ಣಾಗತೊಡಗಿದ ಅಂಜೂರವನ್ನೋ ದ್ರಾಕ್ಷಿಗೊಂಚಲನ್ನೋ ಕಂಡಾಗ ಅದಕ್ಕೆ ಜೊಂಡಿನ ಎಳೆ ಕಟ್ಟಿ ಗುರುತು ಮಾಡುತ್ತಿದ್ದನು. ಒಂದೊಂದು ಪ್ರದೇಶದ ಜನರು ಒಂದು ಪಟ್ಟಣದಲ್ಲಿ ಸೇರಿ ಒಟ್ಟಾಗಿ ಹೊರಡುತ್ತಿದ್ದರು. ಕೊಂಬುಗಳಿಗೆ ಚಿನ್ನ ಹೊದಿಸಿ ಆಲಿವ್ ಎಲೆಯ ಕಿರೀಟ ತೊಡಿಸಿದ ಎತ್ತು ಮುಂದೆ ನಡೆಯುತ್ತಿತ್ತು. ಕೊಳಲಿನ ನಾದವು ಯೆರೂಸಲೇಮಿನವರೆಗೂ ಜೊತೆಗಿರುತ್ತಿತ್ತು. ಸಿರಿವಂತರು ಚಿನ್ನ ಬೆಳ್ಳಿಯ ಹೊದಿಕೆಯ ಬುಟ್ಟಿಗಳಲ್ಲಿಯೂ ಬಡವರು ಬೆತ್ತದ ಬುಟ್ಟಿಗಳಲ್ಲಿಯೂ ಫಲಗಳನ್ನು ತರುತ್ತಿದ್ದರು.

ಅರ್ಪಣೆಯ ಸಮಯದಲ್ಲಿ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿರುವ ಹೇಳಿಕೆಯನ್ನು ಹೀಬ್ರೂ ಭಾಷೆಯಲ್ಲಿ ಉಚ್ಚರಿಸಬೇಕಿತ್ತು. ಪೂರ್ವಜರ ಅಲೆದಾಟ, ಐಗುಪ್ತದ ದಾಸ್ಯ ಮತ್ತು ಬಿಡುಗಡೆಯನ್ನು ಅದು ಸಂಕ್ಷೇಪವಾಗಿ ನೆನೆಯುತ್ತದೆ. ಮಿಶ್ನಾ ಹೇಳುವಂತೆ, ಮೊದಮೊದಲು ಓದುಬಲ್ಲವರು ತಾವೇ ಹೇಳುತ್ತಿದ್ದರು. ಬಾರದವರಿಗೆ ಮತ್ತೊಬ್ಬರು ಹೇಳಿಕೊಡುತ್ತಿದ್ದರು. ಇದರಿಂದ ಅವಮಾನಗೊಂಡ ಓದುಬಾರದವರು ಫಲಗಳನ್ನು ತರುವುದನ್ನೇ ಬಿಟ್ಟರು. ಆಗ ಓದುಬಲ್ಲವರಿಗೂ ಬಾರದವರಿಗೂ ಸಮಾನವಾಗಿ ಹೇಳಿಕೊಡಬೇಕೆಂಬ ನಿಯಮವನ್ನು ಮಾಡಲಾಯಿತು.

ಸುಗ್ಗಿಯಿಂದ ಸೀನಾಯಿಗೆ

ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ನಾಶಪಡಿಸಿದ ಮೇಲೆ ರೊಟ್ಟಿಗಳ ಅರ್ಪಣೆಯೂ ಪ್ರಥಮಫಲಗಳ ಯಾತ್ರೆಯೂ ನಿಂತವು. ವಿಮೋಚನಕಾಂಡದ 19ನೆಯ ಅಧ್ಯಾಯದ ಪ್ರಕಾರ ಇಸ್ರಾಯೇಲ್ಯರು ಐಗುಪ್ತದಿಂದ ಹೊರಟ ಮೂರನೆಯ ತಿಂಗಳಲ್ಲಿ ಸೀನಾಯಿ ಬೆಟ್ಟವನ್ನು ತಲುಪಿದರು. ಅಲ್ಲಿ ಮೋಶೆಯ ಮೂಲಕ ದಶಾಜ್ಞೆಗಳು ದೊರೆತವು. ಆ ಘಟನೆಯ ನಿರ್ದಿಷ್ಟ ದಿನವನ್ನು ಗ್ರಂಥವು ಹೇಳುವುದಿಲ್ಲ. ದಿನಗಳನ್ನು ಲೆಕ್ಕಹಾಕಿದ ರಬ್ಬಿಗಳು ಅದು ಸಿವಾನ್ 6 ಅಥವಾ 7 ಎಂದು ಚರ್ಚಿಸಿದರು. ಈ ಚರ್ಚೆ ತಾಲ್ಮುದ್‌ನ 'ಶಬ್ಬಾತ್' ಭಾಗದಲ್ಲಿ ದಾಖಲಾಗಿದೆ. ಹೀಗೆ ಹೊಲದ ಫಲವನ್ನು ಕೊಡುವ ದಿನವು ಶಾಸ್ತ್ರವನ್ನು ಪಡೆಯುವ ದಿನವಾಯಿತು. ಭೂಮಿಯೂ ದೇವಾಲಯವೂ ಇಲ್ಲದ ಜನರಿಗೆ ಸಭಾಮಂದಿರದಲ್ಲಿ ಕುಳಿತು ಆಚರಿಸಬಹುದಾದ ಹಬ್ಬವಾಗಿ ಅದು ಉಳಿಯಿತು.

ಸಭಾಮಂದಿರದಲ್ಲಿ ಆಚರಣೆ

ಹಬ್ಬದ ಮುನ್ನ ಸಭಾಮಂದಿರವನ್ನು, ಅಂದರೆ ಸಿನಗಾಗನ್ನು, ಹಸಿರು ಕೊಂಬೆಗಳಿಂದಲೂ ಹೂವುಗಳಿಂದಲೂ ಅಲಂಕರಿಸುವ ವಾಡಿಕೆಯಿದೆ. ಧರ್ಮಶಾಸ್ತ್ರವು ದೊರೆತಾಗ ಬೋಳುಬೆಟ್ಟವಾದ ಸೀನಾಯಿ ಹಸಿರಾಯಿತೆಂಬ ನಂಬಿಕೆ ಇದಕ್ಕೆ ಕಾರಣವೆನ್ನಲಾಗುತ್ತದೆ. ಏಳು ವಾರಗಳು ಪೂರ್ಣವಾಗಬೇಕೆಂಬ ಕಾರಣಕ್ಕೆ ಮೊದಲ ಸಂಜೆಯ ಪ್ರಾರ್ಥನೆಯನ್ನು ನಕ್ಷತ್ರಗಳು ಕಾಣುವವರೆಗೆ ಆರಂಭಿಸುವುದಿಲ್ಲ.

ಮೊದಲ ರಾತ್ರಿ ಜಾಗರಣೆ ಮಾಡಿ ಅಧ್ಯಯನ ನಡೆಸುವ ಪದ್ಧತಿಗೆ 'ತಿಕ್ಕುನ್ ಲೇಲ್ ಶಾವೂತ್' ಎಂದು ಹೆಸರು. ಶಾಸ್ತ್ರವು ದೊರೆಯುವ ದಿನದ ಬೆಳಿಗ್ಗೆ ಇಸ್ರಾಯೇಲ್ಯರು ನಿದ್ರೆಯಿಂದ ಏಳದೆ ತಡಮಾಡಿದರು, ಆ ಲೋಪವನ್ನು ಸರಿಪಡಿಸಲು ಎಚ್ಚರವಿರಬೇಕು ಎಂದು ಒಂದು ಐತಿಹ್ಯವು ವಿವರಿಸುತ್ತದೆ. 16ನೆಯ ಶತಮಾನದಲ್ಲಿ ಯೋಸೆಫ್ ಕಾರೋ ಮತ್ತು ಶ್ಲೊಮೊ ಅಲ್ಕಬೆತ್ಸ್ ಅವರ ವಲಯದಿಂದ, ಅನಂತರ ಗಲಿಲಾಯದ ಸಫೇದ್ ನಗರದ ಅನುಭಾವಿಗಳಿಂದ ಈ ಪದ್ಧತಿ ಹರಡಿತು. ಧರ್ಮಗ್ರಂಥದ ಪ್ರತಿ ಭಾಗದ ಆರಂಭ ಮತ್ತು ಅಂತ್ಯದ ಸಾಲುಗಳನ್ನು ಕ್ರಮವಾಗಿ ಓದುವುದು ಹಳೆಯ ರೂಢಿ. ಇಂದು ಅನೇಕ ಕಡೆ ಉಪನ್ಯಾಸಗಳು, ಗುಂಪುಚರ್ಚೆಗಳು ನಡೆಯುತ್ತವೆ. ಬೆಳಗಿನ ಜಾವ ಸೂರ್ಯೋದಯದ ಹೊತ್ತಿಗೆ ಪ್ರಾರ್ಥನೆ ಆರಂಭವಾಗುತ್ತದೆ.

ಬೆಳಗಿನ ಪ್ರಾರ್ಥನೆಯಲ್ಲಿ ಸ್ತೋತ್ರಗೀತೆಗಳಾದ 'ಹಲ್ಲೆಲ್' ಪೂರ್ಣವಾಗಿ ಹಾಡಲ್ಪಡುತ್ತದೆ. ಅಶ್ಕೆನಾಜಿ ಸಭೆಗಳಲ್ಲಿ, 11ನೆಯ ಶತಮಾನದಲ್ಲಿ ಜರ್ಮನಿಯ ವೋರ್ಮ್ಸ್ ನಗರದಲ್ಲಿದ್ದ ರಬ್ಬಿ ಮೆಯಿರ್ ಬಾರ್ ಇತ್ಸ್‌ಹಾಕ್ ಅರಾಮಿಕ್ ಭಾಷೆಯಲ್ಲಿ ರಚಿಸಿದ 90 ಸಾಲುಗಳ 'ಅಕ್ದಾಮುತ್' ಗೀತೆಯನ್ನು ಶಾಸ್ತ್ರಪಠನಕ್ಕೆ ಮುನ್ನ ಹಾಡುತ್ತಾರೆ. ಸೆಫಾರ್ದಿ ಸಭೆಗಳಲ್ಲಿ 613 ಆಜ್ಞೆಗಳನ್ನು ಪದ್ಯರೂಪದಲ್ಲಿ ಹೇಳುವ 'ಅಜ್‌ಹರೋತ್' ರಚನೆಗಳಿಗೆ ಪ್ರಾಶಸ್ತ್ಯ. ದೇವರಿಗೂ ಇಸ್ರಾಯೇಲಿಗೂ ನಡುವಣ ವಿವಾಹಪತ್ರವೊಂದನ್ನು ಓದುವ ಪದ್ಧತಿಯೂ ಕೆಲವು ಸೆಫಾರ್ದಿ ಸಭೆಗಳಲ್ಲಿದೆ. 16ನೆಯ ಶತಮಾನದ ಕವಿ ಇಸ್ರಾಯೇಲ್ ನಜಾರ ಬರೆದ ಪತ್ರವು ಅವುಗಳಲ್ಲಿ ಪ್ರಸಿದ್ಧವಾದುದು.

ಅನಂತರ ಪವಿತ್ರ ಪೆಟ್ಟಿಗೆಯಿಂದ ಧರ್ಮಶಾಸ್ತ್ರದ ಸುರುಳಿಯನ್ನು ಹೊರತೆಗೆದು ವಿಮೋಚನಕಾಂಡದ 19 ಮತ್ತು 20ನೆಯ ಅಧ್ಯಾಯಗಳನ್ನು ಓದಲಾಗುತ್ತದೆ. ದಶಾಜ್ಞೆಗಳು ಬಂದಾಗ ಸಭೆಯು ಎದ್ದು ನಿಲ್ಲುವುದು ಹಲವೆಡೆ ರೂಢಿ. ಸೀನಾಯಿಯಲ್ಲಿ ಎಲ್ಲರೂ ನಿಂತಿದ್ದರೆಂಬ ಭಾವನೆಯಿಂದ ಚಿಕ್ಕ ಮಕ್ಕಳನ್ನೂ ಈ ಪಠನಕ್ಕೆ ಕರೆತರುತ್ತಾರೆ. ಪ್ರವಾದಿ ಗ್ರಂಥಗಳಿಂದ ಮೊದಲ ದಿನ ಯೆಹೆಜ್ಕೇಲನ ದರ್ಶನವನ್ನೂ ಎರಡನೆಯ ದಿನ ಹಬಕ್ಕೂಕನ ಪ್ರಾರ್ಥನೆಯನ್ನೂ ಓದಲಾಗುತ್ತದೆ. ಅಶ್ಕೆನಾಜಿ ಸಂಪ್ರದಾಯದಲ್ಲಿ ಮೃತ ಬಂಧುಗಳನ್ನು ನೆನೆಯುವ 'ಯಿಜ್ಕೋರ್' ಪ್ರಾರ್ಥನೆಯೂ ಈ ಹಬ್ಬದಲ್ಲಿದೆ.

ರೂತಳ ಗ್ರಂಥ

ಶಾವೂತ್‌ನಲ್ಲಿ ರೂತಳ ಗ್ರಂಥವನ್ನು ಓದುವುದು ವ್ಯಾಪಕವಾದ ರೂಢಿ. ಮೋವಾಬ್ ದೇಶದ ವಿಧವೆಯಾದ ರೂತಳು ಅತ್ತೆ ನವೊಮಿಯನ್ನು ತೊರೆಯದೆ ಅವಳೊಡನೆ ಬೆತ್ಲೆಹೇಮಿಗೆ ಬರುತ್ತಾಳೆ. ಜವೆಗೋದಿಯ ಕೊಯ್ಲಿನ ಆರಂಭದಿಂದ ಗೋದಿಯ ಕೊಯ್ಲು ಮುಗಿಯುವವರೆಗೆ ಬೋವಜನ ಹೊಲದಲ್ಲಿ ಹಕ್ಕಲಾಯ್ದು ಇಬ್ಬರ ಹೊಟ್ಟೆ ಹೊರೆಯುತ್ತಾಳೆ. ಹೊಲದ ಅಂಚನ್ನೂ ಉದುರಿದ ತೆನೆಗಳನ್ನೂ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಆಜ್ಞೆಯು ಯಾಜಕಕಾಂಡದಲ್ಲಿ ಶಾವೂತ್‌ನ ವಿಧಿಯ ಬೆನ್ನಿಗೇ ಬರುತ್ತದೆ. ಆ ಆಜ್ಞೆ ಬಾಳಿನಲ್ಲಿ ನಡೆದುದಕ್ಕೆ ರೂತಳ ಕಥೆ ನಿದರ್ಶನವಾಗಿದೆ.

ಕಥೆಯ ಕಾಲವು ಸುಗ್ಗಿಯ ಕಾಲವಾಗಿರುವುದು, ಅನ್ಯಕುಲದ ಸ್ತ್ರೀಯೊಬ್ಬಳು ಸ್ವಇಚ್ಛೆಯಿಂದ ಧರ್ಮವನ್ನು ಸ್ವೀಕರಿಸುವುದು ಮತ್ತು ಅವಳ ವಂಶದಲ್ಲಿ ದಾವೀದನು ಹುಟ್ಟುವುದು, ಈ ಮೂರನ್ನು ಪಠನಕ್ಕೆ ಕಾರಣಗಳಾಗಿ ಹೇಳಲಾಗುತ್ತದೆ. ದಾವೀದ ಅರಸನು ಶಾವೂತ್‌ನಂದು ತೀರಿಕೊಂಡನೆಂಬ ಪರಂಪರಾಗತ ನಂಬಿಕೆಯೂ ಇದೆ.

ಮನೆಯ ಆಚರಣೆ ಮತ್ತು ಆಹಾರ

ಹಬ್ಬದ ಸಂಜೆ ಮನೆಯಲ್ಲಿ ದೀಪ ಬೆಳಗಿಸಿ, ದ್ರಾಕ್ಷಾರಸ ಮತ್ತು ಎರಡು ರೊಟ್ಟಿಗಳ ಮೇಲೆ ಆಶೀರ್ವಚನ ಹೇಳಿ ಊಟ ಮಾಡುತ್ತಾರೆ. ದಿನನಿತ್ಯದ ಕೆಲಸಗಳು ನಿಷಿದ್ಧ. ಆದರೆ ಸಬ್ಬತ್ತಿಗಿಂತ ಭಿನ್ನವಾಗಿ, ಮೊದಲೇ ಉರಿಯುತ್ತಿರುವ ಬೆಂಕಿಯಿಂದ ಅಡುಗೆ ಮಾಡಲು ಅವಕಾಶವಿದೆ.

ಹಾಲು, ಬೆಣ್ಣೆ ಮತ್ತು ಗಿಣ್ಣಿನ ಖಾದ್ಯಗಳನ್ನು ತಿನ್ನುವುದು ಈ ಹಬ್ಬದ ವೈಶಿಷ್ಟ್ಯ. ಯುರೋಪಿನ ಯೆಹೂದ್ಯರಲ್ಲಿ ಚೀಸ್‌ಕೇಕ್ ಹಾಗೂ ಚೀಸ್ ತುಂಬಿದ ತೆಳು ದೋಸೆಯಂತಹ 'ಬ್ಲಿಂತ್ಸ್' ಪ್ರಚಲಿತವಾಗಿವೆ. ಆಹಾರನಿಯಮಗಳು ಹೊಸದಾಗಿ ದೊರೆತ ದಿನ ಶುದ್ಧವಾದ ಮಾಂಸವೂ ಪಾತ್ರೆಗಳೂ ಸಿದ್ಧವಿರಲಿಲ್ಲವಾದುದರಿಂದ ಜನರು ಹಾಲಿನ ಆಹಾರವನ್ನೇ ಉಂಡರೆಂಬುದು ಒಂದು ವಿವರಣೆ. ಹೀಬ್ರೂವಿನಲ್ಲಿ ಹಾಲು ಎಂಬ ಅರ್ಥದ 'ಹಲಾವ್' ಪದದ ಅಕ್ಷರಗಳ ಸಂಖ್ಯಾಮೌಲ್ಯ 8, 30 ಮತ್ತು 2 ಸೇರಿ 40 ಆಗುತ್ತದೆ. ಮೋಶೆಯು ಬೆಟ್ಟದ ಮೇಲಿದ್ದುದು 40 ದಿನಗಳು ಎಂಬುದು ಮತ್ತೊಂದು. ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಒಟ್ಟಿಗೆ ತಿನ್ನುವುದು ನಿಷಿದ್ಧವಾದುದರಿಂದ ಈ ಹಬ್ಬದ ಒಂದು ಊಟವಾದರೂ ಮಾಂಸರಹಿತವಾಗಿರುತ್ತದೆ.

ಪ್ರಾದೇಶಿಕ ಭೇದಗಳು

ಬಾಗ್ದಾದಿನ ಯೆಹೂದ್ಯರು ಶಾವೂತ್ ಅನ್ನು ಅರಬ್ಬೀ ಭಾಷೆಯಲ್ಲಿ 'ಯಾತ್ರೆಯ ಹಬ್ಬ' ಎಂಬ ಅರ್ಥದಲ್ಲಿ 'ಈದ್ ಅಲ್-ಜಿಯಾರಾ' ಎಂದು ಕರೆಯುತ್ತಿದ್ದರು. ಹಬ್ಬದ ಕಾಲದಲ್ಲಿ ಅಲ್-ಕಿಫ್ಲ್‌ನಲ್ಲಿರುವ ಯೆಹೆಜ್ಕೇಲನ ಸಮಾಧಿಗೂ ಅಲ್ಕೋಶ್‌ನಲ್ಲಿರುವ ನಹೂಮನ ಸಮಾಧಿಗೂ ಯಾತ್ರೆ ಹೋಗುತ್ತಿದ್ದುದು ಇದಕ್ಕೆ ಕಾರಣ. 1941ರ ಜೂನ್ 1 ಮತ್ತು 2ರಂದು, ಶಾವೂತ್ ಹಬ್ಬದ ದಿನಗಳಲ್ಲಿಯೇ, ಬಾಗ್ದಾದಿನಲ್ಲಿ ಯೆಹೂದ್ಯರ ಮೇಲೆ 'ಫರ್ಹೂದ್' ಎಂದು ಹೆಸರಾದ ಹಿಂಸಾಚಾರ ನಡೆಯಿತು. ಸುಮಾರು 180 ಜನರು ಹತರಾದರೆಂಬುದು ಸಾಮಾನ್ಯ ಅಂದಾಜು. ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿಯ ಬಹುಪಾಲು ಯೆಹೂದ್ಯರು ದೇಶ ತೊರೆದರು.

ಉತ್ತರ ಆಫ್ರಿಕದ ಕೆಲವು ಸಮುದಾಯಗಳಲ್ಲಿ ಪರಸ್ಪರ ನೀರೆರಚುವ ವಾಡಿಕೆಯಿದೆ; ಶಾಸ್ತ್ರವನ್ನು ನೀರಿಗೆ ಹೋಲಿಸುವುದು ಇದರ ಹಿಂದಿನ ಭಾವ. 19ನೆಯ ಶತಮಾನದಲ್ಲಿ ಜರ್ಮನಿಯ ಸುಧಾರಣಾವಾದಿ ಸಭೆಗಳು ಯುವಕ ಯುವತಿಯರ ದೃಢೀಕರಣ ಸಮಾರಂಭವನ್ನು ಈ ಹಬ್ಬದೊಂದಿಗೆ ಸೇರಿಸಿದವು. 20ನೆಯ ಶತಮಾನದಲ್ಲಿ ಇಸ್ರೇಲಿನ ಕಿಬ್ಬುತ್ಸ್ ಎಂಬ ಸಾಮುದಾಯಿಕ ಕೃಷಿಗ್ರಾಮಗಳು ಪ್ರಥಮಫಲಗಳ ಮೆರವಣಿಗೆಯನ್ನು ಹೊಸ ರೂಪದಲ್ಲಿ ಮತ್ತೆ ಆರಂಭಿಸಿದವು. ಇಸ್ರೇಲಿನಲ್ಲಿ ಶಾವೂತ್ ಸಾರ್ವಜನಿಕ ರಜಾದಿನ. ಅಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಅನೇಕರಿಗೆ ಮನೆಯೊಳಗಿನ ಈ ಆಚರಣೆ ಪರಿಚಿತವಾಗಿದೆ.

ಹೊಸ ಬೆಳೆಯನ್ನು ದೇವರಿಗೆ ಅರ್ಪಿಸಿ ಅನಂತರ ಉಣ್ಣುವ ಪದ್ಧತಿಯು ಕರ್ನಾಟಕದ ಹಬ್ಬಗಳಲ್ಲಿಯೂ ಇದೆ. ಕೊಡಗಿನ ಹುತ್ತರಿ ಮತ್ತು ಕರಾವಳಿಯ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಫೆಸ್ತ್ ಇದಕ್ಕೆ ಉದಾಹರಣೆಗಳು.

ಮಿನ್ಯಾನ್ ಮತ್ತು ಸಣ್ಣ ಸಮುದಾಯಗಳು

ಯೆಹೂದಿ ಧರ್ಮದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ವಯಸ್ಕರ ಕೂಟ ಬೇಕು. ಇದಕ್ಕೆ 'ಮಿನ್ಯಾನ್' ಎಂದು ಹೆಸರು. ಸಂಪ್ರದಾಯಸ್ಥರು 13 ವರ್ಷ ತುಂಬಿದ ಪುರುಷರನ್ನು ಮಾತ್ರ ಎಣಿಸುತ್ತಾರೆ. ಉದಾರವಾದಿ ಪಂಥಗಳು ಸ್ತ್ರೀಯರನ್ನೂ ಎಣಿಸುತ್ತವೆ. ಮಿನ್ಯಾನ್ ಇಲ್ಲದಿದ್ದರೆ ಸುರುಳಿಯಿಂದ ಆಶೀರ್ವಚನ ಸಹಿತವಾದ ಸಾರ್ವಜನಿಕ ಪಠನ ನಡೆಯುವುದಿಲ್ಲ. ಮೃತರಿಗಾಗಿ ಹೇಳುವ 'ಕದ್ದಿಶ್' ಕೂಡ ಸಾಧ್ಯವಿಲ್ಲ. ಸುರುಳಿಯು ಚರ್ಮಪತ್ರದ ಮೇಲೆ ಕೈಯಿಂದ ಬರೆಯಲ್ಪಟ್ಟ 304,805 ಅಕ್ಷರಗಳ ಪ್ರತಿ. ಒಂದು ಅಕ್ಷರ ತಪ್ಪಿದರೂ ತಿದ್ದುವವರೆಗೆ ಅದು ಪಠನಕ್ಕೆ ಅಯೋಗ್ಯ. ಆದುದರಿಂದ ಹತ್ತು ಜನರೂ ಒಂದು ಸುರುಳಿಯೂ ಇರುವುದು ಸಣ್ಣ ಸಮುದಾಯಗಳಿಗೆ ದೊಡ್ಡ ವಿಷಯ.

ಸಂಪ್ರದಾಯಸ್ಥರು ಹಬ್ಬದ ದಿನ ವಾಹನದಲ್ಲಿ ಪ್ರಯಾಣಿಸುವುದಿಲ್ಲ. ಹೀಗಾಗಿ ಅವರು ಸಭಾಮಂದಿರಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ವಾಸಿಸುವುದು ಅನೇಕ ಕಡೆ ಕಂಡುಬರುತ್ತದೆ.

ಹತ್ತು ಜನರು ಸೇರದಿದ್ದರೂ ಹಬ್ಬವು ನಿಲ್ಲುವುದಿಲ್ಲ. ವೈಯಕ್ತಿಕ ಪ್ರಾರ್ಥನೆ, ಹಲ್ಲೆಲ್, ದೀಪ, ಹಬ್ಬದ ಊಟ, ಮುದ್ರಿತ ಪುಸ್ತಕದಿಂದ ದಶಾಜ್ಞೆಗಳ ಮತ್ತು ರೂತಳ ಗ್ರಂಥದ ಓದು, ರಾತ್ರಿಯ ಅಧ್ಯಯನ ಇವೆಲ್ಲವನ್ನೂ ಒಬ್ಬರೇ ಅಥವಾ ಒಂದು ಕುಟುಂಬವೇ ಮಾಡಬಹುದು. 2020ರಲ್ಲಿ ಕೊರೋನಾ ಸಾಂಕ್ರಾಮಿಕದಿಂದ ಸಭಾಮಂದಿರಗಳು ಮುಚ್ಚಿದ್ದಾಗ ಜಗತ್ತಿನ ಅನೇಕ ಯೆಹೂದ್ಯರು ಹಬ್ಬವನ್ನು ಹೀಗೆಯೇ ಆಚರಿಸಿದರು. ಹಲವು ಸಭೆಗಳು ಸೂರ್ಯಾಸ್ತಕ್ಕೆ ಮುನ್ನ ಅಂತರ್ಜಾಲದ ಮೂಲಕ ಅಧ್ಯಯನಕೂಟ ನಡೆಸಿದವು.

ಭಾರತದಲ್ಲಿ

ಭಾರತದಲ್ಲಿ ಯೆಹೂದ್ಯರ ಸಂಖ್ಯೆ ಸುಮಾರು ಐದು ಸಾವಿರ. ಕೊಂಕಣ ಮೂಲದ ಮರಾಠಿ ಭಾಷಿಕ ಬೆನೆ ಇಸ್ರಾಯೇಲರು, ಕೊಚ್ಚಿಯ ಮಲಯಾಳ ಭಾಷಿಕ ಯೆಹೂದ್ಯರು, ಮುಂಬಯಿ ಮತ್ತು ಕೋಲ್ಕತ್ತಗಳಲ್ಲಿ ನೆಲೆಸಿದ ಬಾಗ್ದಾದಿ ಯೆಹೂದ್ಯರು ಇಲ್ಲಿಯ ಹಳೆಯ ಸಮುದಾಯಗಳು. 1948ರ ಬಳಿಕ ಇವರಲ್ಲಿ ಹೆಚ್ಚಿನವರು ಇಸ್ರೇಲಿಗೂ ಇತರ ದೇಶಗಳಿಗೂ ವಲಸೆ ಹೋದರು. ಬೆನೆ ಇಸ್ರಾಯೇಲರ ಸಭಾಮಂದಿರಗಳು ಮುಂಬಯಿ ಮತ್ತು ಕೊಂಕಣದಲ್ಲಿ ಇಂದಿಗೂ ಬಳಕೆಯಲ್ಲಿವೆ. 1568ರಲ್ಲಿ ನಿರ್ಮಾಣವಾದ ಕೊಚ್ಚಿಯ ಪರದೇಶಿ ಸಭಾಮಂದಿರದಲ್ಲಿ ಸ್ಥಳೀಯರು ಬೆರಳೆಣಿಕೆಯಷ್ಟು ಮಾತ್ರ ಉಳಿದುದರಿಂದ ಮಿನ್ಯಾನ್‌ಗೆ ಸಂದರ್ಶಕರನ್ನೇ ಅವಲಂಬಿಸಬೇಕಾಯಿತು.

ಕರ್ನಾಟಕದಲ್ಲಿ

ಮಂಗಳೂರು: ಕರ್ನಾಟಕದ ಯೆಹೂದ್ಯರ ಬಗೆಗಿನ ಹಳೆಯ ಲಿಖಿತ ಸಾಕ್ಷ್ಯ 12ನೆಯ ಶತಮಾನದ್ದು. ಟ್ಯುನೀಶಿಯದ ಮಹ್ದಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು ಏಡನ್ ಮೂಲಕ ಮಂಗಳೂರಿಗೆ ಬಂದು, 1149ರವರೆಗಿನ ಸುಮಾರು 17 ವರ್ಷಗಳಲ್ಲಿ ಬಹುಕಾಲ ಅಲ್ಲಿ ನೆಲೆಸಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದನು. ಕೈರೋ ನಗರದ ಸಭಾಮಂದಿರವೊಂದರ ಗೆನಿಜಾ ಎಂಬ ಹಳೆಯ ಕಾಗದಗಳ ಸಂಗ್ರಹದಲ್ಲಿ ಅವನ ಪತ್ರಗಳು ದೊರೆತಿವೆ. 1132ರಲ್ಲಿ ಅವನು ಆಶು ಎಂಬ ತುಳುನಾಡಿನ ದಾಸಿಯನ್ನು ಬಿಡುಗಡೆಗೊಳಿಸಿದ ಪತ್ರವು ಅವುಗಳಲ್ಲಿ ಒಂದು. ಅವಳಿಗೆ ಆಶೀರ್ವಾದ ಎಂಬ ಅರ್ಥದ 'ಬೆರಾಖಾ' ಎಂಬ ಹೀಬ್ರೂ ಹೆಸರನ್ನು ಇಡಲಾಯಿತು. ಯೆಹೂದಿ ಶಾಸ್ತ್ರದ ಪ್ರಕಾರ ಹೀಗೆ ಬಿಡುಗಡೆಯಾದವರು ಸಮುದಾಯದ ಪೂರ್ಣ ಸದಸ್ಯರಾಗುತ್ತಾರೆ. ಬೆನ್ ಯಿಜು ಮತ್ತು ಅವನ ಸಹಾಯಕ ಬೊಮ್ಮನ ಜಾಡನ್ನು ಹಿಡಿದು ಅಮಿತಾವ್ ಘೋಷ್ 1992ರಲ್ಲಿ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಕೃತಿಯನ್ನು ಪ್ರಕಟಿಸಿದರು.

ಶ್ರೀರಂಗಪಟ್ಟಣ: ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಬೆನೆ ಇಸ್ರಾಯೇಲ್ ಅಧಿಕಾರಿ ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾದನು. ತಾನು ಬೆನೆ ಇಸ್ರಾಯೇಲ್ ಎಂದು ಹೇಳಿದಾಗ ಟಿಪ್ಪುವಿನ ತಾಯಿಯ ಮಧ್ಯಸ್ಥಿಕೆಯಿಂದ ಪ್ರಾಣ ಉಳಿಯಿತೆಂದೂ, ಬಿಡುಗಡೆಯಾದರೆ ಸಭಾಮಂದಿರ ಕಟ್ಟಿಸುವೆನೆಂದು ಅವನು ಹರಕೆ ಹೊತ್ತಿದ್ದನೆಂದೂ ಸಮುದಾಯದ ಐತಿಹ್ಯ ಹೇಳುತ್ತದೆ. 1796ರಲ್ಲಿ ಅವನು ಮುಂಬಯಿಯಲ್ಲಿ ಕಟ್ಟಿಸಿದ ಸಭಾಮಂದಿರವು ಆ ನಗರದಲ್ಲಿ ಮೊದಲನೆಯದು. ಅದು ಇಂದು 'ಶಾರ್ ಹರಹಮೀಮ್', ಅಂದರೆ ಕರುಣೆಯ ದ್ವಾರ, ಎಂದು ಪ್ರಸಿದ್ಧವಾಗಿದೆ. ಅದಕ್ಕಾಗಿ ಧರ್ಮಶಾಸ್ತ್ರದ ಸುರುಳಿಗಳನ್ನು ತರಲು ಕೊಚ್ಚಿಗೆ ಹೋದ ದಿವೇಕರ್ 1797ರಲ್ಲಿ ಅಲ್ಲಿಯೇ ನಿಧನನಾದನು.

ಬೆಂಗಳೂರು: ಬ್ರಿಟಿಷರ ದಂಡುಪ್ರದೇಶ ಬೆಳೆದಂತೆ ಸೈನ್ಯದಲ್ಲಿದ್ದ ಬೆನೆ ಇಸ್ರಾಯೇಲರೂ ಬಾಗ್ದಾದ್ ಮೂಲದ ವರ್ತಕರೂ ಬೆಂಗಳೂರಿಗೆ ಬಂದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಯ ಅಂಗಡಿ ನಡೆಸಿದ ರೂಬಿನ್ ಮೋಸಸ್ ಅವರ ಕುಟುಂಬವು ಇವರಲ್ಲಿ ಪ್ರಮುಖವಾದುದು. ನಗರದಲ್ಲಿ ಯೆಹೂದಿ ಸಭಾಮಂದಿರವಿಲ್ಲ. ಸಮುದಾಯದ ಶಾಶ್ವತ ಸ್ಥಳವೆಂದರೆ ನಗರದ ಪಶ್ಚಿಮ ಭಾಗದ ಮಾಗಡಿ ರಸ್ತೆಯಲ್ಲಿರುವ ಸಮಾಧಿಭೂಮಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1904ರಲ್ಲಿ, ಇದಕ್ಕೆ ಜಾಗ ದೊರೆಯಿತು. ಇಲ್ಲಿಯ ಅತಿ ಹಳೆಯ ಸಮಾಧಿ ಅದೇ ವರ್ಷ ತೀರಿಕೊಂಡ ಸುಬೇದಾರ್ ಸಾಮ್ಯುಯೆಲ್ ನಾಗಾವ್ಕರ್ ಅವರದು.

ಸಭಾಮಂದಿರಕ್ಕೆ ಮುನ್ನ ಸಮಾಧಿಭೂಮಿಯನ್ನು ಪಡೆಯುವುದು ಯೆಹೂದಿ ಸಮುದಾಯಗಳಲ್ಲಿ ಹೊಸದಲ್ಲ. ಪ್ರಾರ್ಥನೆಯನ್ನು ಯಾವ ಮನೆಯಲ್ಲಿಯಾದರೂ ನಡೆಸಬಹುದು. ಶವಸಂಸ್ಕಾರಕ್ಕೆ ಮೀಸಲಾದ ನೆಲವೇ ಬೇಕು. ಹಬ್ಬದ ದಿನ ಸಮಾಧಿಭೂಮಿಗೆ ಹೋಗುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಹೀಗಾಗಿ ಇಂತಹ ನಗರದಲ್ಲಿ ಶಾವೂತ್ ಮನೆಯ ಹಬ್ಬವಾಗುತ್ತದೆ. ಮೇ ಕೊನೆಯಲ್ಲಿ ಮತ್ತು ಜೂನ್ ಆರಂಭದಲ್ಲಿ ಬೆಂಗಳೂರಿನಲ್ಲಿ ಸೂರ್ಯಾಸ್ತ ಸುಮಾರು ಸಂಜೆ 6.40ಕ್ಕೆ ಆಗುತ್ತದೆ, ಅದಕ್ಕೆ ಮುನ್ನ ದೀಪ ಬೆಳಗಿಸಿ, ಕತ್ತಲಾದ ಮೇಲೆ ಪ್ರಾರ್ಥನೆ ಆರಂಭಿಸಬೇಕು. ರಾಜಾಜಿನಗರದಿಂದ ಕೆಂಗೇರಿಗೆ ಹತ್ತು ಕಿಲೋಮೀಟರಿಗೂ ಹೆಚ್ಚು ದೂರವಿದೆ. ವಾಹನವಿಲ್ಲದೆ ಅಷ್ಟು ದೂರದವರು ಒಂದೆಡೆ ಕೂಡುವುದು ಕಷ್ಟವಾದುದರಿಂದ, ಹತ್ತು ಜನರ ಕೂಟ ಬೇಕಾದವರು ಹಬ್ಬಕ್ಕೆ ಮುನ್ನವೇ ಒಂದು ಮನೆಯ ಸಮೀಪ ಬಂದು ಉಳಿಯಬೇಕು ಅಥವಾ ಮುಂಬಯಿಯಂತಹ ಊರಿಗೆ ಹೋಗಬೇಕು. ಉಳಿದವರಿಗೆ ರಾತ್ರಿಯ ಅಧ್ಯಯನ, ಹಾಲಿನ ಊಟ ಮತ್ತು ರೂತಳ ಕಥೆಯ ಓದು ಮನೆಯಲ್ಲಿಯೇ ನಡೆಯುತ್ತವೆ.